ಬಾಡಿಗೆ ಸರ್ವರ್ ಕ್ಲಸ್ಟರ್‌ಗೆ ಸೇರಿಸುವುದು: ಐಎಸ್‌ಒ, ರೆಸ್ಕ್ಯೂ, ಐಪಿಎಕ್ಸ್‌ಇ

ರ‍್ಯಾಕ್ ನಮ್ಮದೇ ಆಗಿದ್ದರೆ ನೆಟ್‌ವರ್ಕ್ ಬೂಟ್ (ಡಿಸ್ಕ್ ಬದಲು ನೆಟ್‌ವರ್ಕ್‌ನಿಂದ ಮಷೀನ್ ಎಬ್ಬಿಸುವುದು) ದೊಡ್ಡ ತಲೆನೋವಲ್ಲ. ಮಷೀನ್‌ಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ 66, 67ನೇ ಆಪ್ಷನ್ (ಬೂಟ್ ಸರ್ವರ್, ಬೂಟ್ ಫೈಲ್‌ನ ಹೆಸರು) ಬರೆದಿಟ್ಟರೆ ಮಷೀನ್ ತಾನೇ ಬಂದು ಬೂಟ್ ಫೈಲ್ ಎತ್ತಿಕೊಳ್ಳುತ್ತದೆ. ಬಾಡಿಗೆ ಬೇರ್ ಮೆಟಲ್‌ನಲ್ಲಿ, ಅಂದರೆ ಬಾಡಿಗೆಗೆ ಪಡೆದ ಇಡೀ ಸರ್ವರ್‌ನಲ್ಲಿ, ಡಿಎಚ್‌ಸಿಪಿ ಮಾಲೀಕರದ್ದು. ಅವರು ತೆರೆದಿಟ್ಟ ಬಾಗಿಲಿನಲ್ಲೇ ನುಗ್ಗಬೇಕು. ಕುಬರ್ನೆಟೀಸ್‌ಗೆಂದೇ (ಹಲವು ಮಷೀನ್‌ಗಳಲ್ಲಿ ಕಂಟೇನರ್ ಓಡಿಸುವ ವ್ಯವಸ್ಥೆ) ಮಾಡಿದ ಟ್ಯಾಲೋಸ್ ಲಿನಕ್ಸ್ ಹಾಕಿ, ಓಮ್ನಿ ಎಂಬ ನಿರ್ವಹಣಾ ತಂತ್ರಾಂಶ ನೋಡಿಕೊಳ್ಳುವ ಕ್ಲಸ್ಟರ್‌ಗೆ ಆರು ಮಷೀನ್ ಸೇರಿಸುವಾಗ ನಾನು ಅಂಥ ಮೂರೂ ಬಾಗಿಲು ತಟ್ಟಿದೆ.

ಮೊದಲನೆಯದು ಬಿಎಂಸಿ (ಸರ್ವರನ್ನು ದೂರದಿಂದ ನಿಯಂತ್ರಿಸುವ ಚಿಪ್) ಕನ್ಸೋಲ್‌ನಲ್ಲಿ ಐಎಸ್‌ಒವನ್ನು, ಅಂದರೆ ಇನ್‌ಸ್ಟಾಲ್ ಡಿಸ್ಕ್‌ನ ಫೈಲನ್ನು, ವರ್ಚುವಲ್ ಸಿಡಿಯಾಗಿ ಜೋಡಿಸುವುದು. ಪರದೆ ಕಣ್ಣೆದುರೇ ಇರುತ್ತದೆ, ಅದೊಂದೇ ಸುಖ. ಐಎಸ್‌ಒ ನನ್ನ ಲ್ಯಾಪ್‌ಟಾಪ್‌ನಿಂದ ತೆವಳಿಕೊಂಡು ಹೋಗುತ್ತದೆ. ನಡುವೆ ಬ್ರೌಸರ್ ಟ್ಯಾಬ್ ಮುಚ್ಚಿದರೆ ಮತ್ತೆ ಮೊದಲಿಂದ. ಒಂದು ಮಷೀನ್‌ಗೆ ಸಾಕು.

ಎರಡನೆಯದು ರೆಸ್ಕ್ಯೂ ಮೋಡ್‌ಗೆ (ಕಂಪನಿ ಕೊಡುವ ತಾತ್ಕಾಲಿಕ ಲಿನಕ್ಸ್) ಹೋಗಿ ಡಿಸ್ಕ್ ಇಮೇಜನ್ನು ಡಿಡಿ ಕಮಾಂಡ್‌ನಿಂದ ನೇರವಾಗಿ ಡಿಸ್ಕ್‌ಗೆ ಬರೆಯುವುದು. ಬೇಗ ಮುಗಿಯುತ್ತದೆ, ಎಲ್ಲ ಕಡೆ ಸಿಗುತ್ತದೆ. ಆದರೆ ಡಿಡಿ ಒರೆಸುವುದು ಇಮೇಜ್ ಬರೆದ ಡಿಸ್ಕ್‌ನ ಮುಂಭಾಗವನ್ನಷ್ಟೇ. ನನಗೆ ಬಂದ ಒಂದು ಸರ್ವರ್‌ನಲ್ಲಿ ಎರಡು ಎನ್‌ವಿಎಂಇ ಡಿಸ್ಕ್‌ಗೆ ಸಾಫ್ಟ್‌ವೇರ್ ರೇಡ್ (ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವುದು) ಮಾಡಿಟ್ಟಿದ್ದರು. ಎರಡನೆಯ ಡಿಸ್ಕ್‌ನಲ್ಲಿ ಹಳೆಯ ಬೂಟ್‌ಲೋಡರ್ ಹಾಗೇ ಉಳಿದಿತ್ತು. ರೀಬೂಟ್ ಆದಾಗ ಫರ್ಮ್‌ವೇರ್ ಅದನ್ನೇ ಹಿಡಿಯಿತು! ಎರಡೂ ಡಿಸ್ಕ್‌ಗೆ ಮೊದಲೇ, ಹಳೆಯ ಗುರುತು ಅಳಿಸುವ ವೈಪ್‌ಎಫ್‌ಎಸ್ ಕಮಾಂಡ್ ಓಡಿಸಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಮೂರನೆಯದು ಐಪಿಎಕ್ಸ್‌ಇ, ಸ್ಕ್ರಿಪ್ಟ್ ಓದಿ ನೆಟ್‌ವರ್ಕ್‌ನಿಂದ ಬೂಟ್ ಮಾಡುವ ತಂತ್ರಾಂಶ. ಹಳೆಯ ನೆಟ್‌ವರ್ಕ್ ಬೂಟ್ ಪದ್ಧತಿಯಾದ ಪಿಎಕ್ಸ್‌ಇ, ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆಯಲ್ಲಿ ಸಾಮಾನ್ಯವಾಗಿ 512 ಬೈಟ್ ಕಳಿಸಿ, ತಲುಪಿತಾ ಅಂತ ಕೇಳಿ, ಆಮೇಲೆ ಮುಂದಿನ ತುಂಡು ಕಳಿಸುತ್ತದೆ. ಐಪಿಎಕ್ಸ್‌ಇ ಎಚ್‌ಟಿಟಿಪಿಯಲ್ಲಿ ಕರ್ನಲ್, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಬೇಕಾದ ಫೈಲ್‌ಗಳ ಕಟ್ಟು) ಎರಡನ್ನೂ ಎಳೆದುಕೊಳ್ಳುತ್ತದೆ. ಬಾಡಿಗೆ ಕಂಪನಿಯ ಪೋರ್ಟಲ್‌ನಲ್ಲಿ ಸ್ಕ್ರಿಪ್ಟ್‌ನ ವಿಳಾಸ ಕೊಟ್ಟರೆ ಆಯಿತು. ಓಮ್ನಿಗೆ ಸೇರಲು ಬೇಕಾದ ಟೋಕನ್ (ಗುಪ್ತ ಸಂಕೇತ) ಸ್ಕ್ರಿಪ್ಟ್ ಕೊಡುವ ಕರ್ನಲ್ ಆರ್ಗ್ಯುಮೆಂಟ್‌ನಲ್ಲೇ ಇರುತ್ತದೆ. ಮಷೀನ್ ಎದ್ದು ತಾನೇ ಹೊರಗೆ ವೈರ್‌ಗಾರ್ಡ್ (ಗೂಢಲಿಪಿಯ ವಿಪಿಎನ್) ಸಂಪರ್ಕ ಹಾಕಿಕೊಂಡು ಓಮ್ನಿಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ಚಪ್ಪಾಳೆ ತಟ್ಟಬೇಕು ಅನಿಸಿತು.

ತೊಂದರೆ ಇಲ್ಲ ಅಂತಲ್ಲ. ಹೊಸ ಬಗೆಯ ಫರ್ಮ್‌ವೇರ್ ಆದ ಯುಇಎಫ್‌ಐ ಇರುವ ಮಷೀನ್‌ಗೆ ಹಳೆಯ ಬಯಾಸ್‌ನ ಬೂಟ್ ಫೈಲ್ ಕೊಟ್ಟರೆ ಕೆಲಸ ನಡೆಯುವುದಿಲ್ಲ. ಒಂದು ಕಂಪನಿಯ ಹಳೆಯ ಐಪಿಎಕ್ಸ್‌ಇಗೆ ನನ್ನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಹಿಡಿಸಲಿಲ್ಲ. ಬರೀ ಎಚ್‌ಟಿಟಿಪಿಯಲ್ಲಿ ಬಿಟ್ಟರೆ ಟೋಕನ್ ದಾರಿಯಲ್ಲಿ ಯಾರಾದರೂ ಓದಬಹುದು, ಅಲ್ವಾ? ಮೊದಲು ಹಳೆಯದರಿಂದ ಹೊಸ ಐಪಿಎಕ್ಸ್‌ಇಯನ್ನೇ ಎಬ್ಬಿಸಿ (ಇದೇ ಚೈನ್‌ಲೋಡ್), ಅದರಿಂದ ಎಚ್‌ಟಿಟಿಪಿಎಸ್‌ನಲ್ಲಿ ಸ್ಕ್ರಿಪ್ಟ್ ತರಿಸಿದೆ.

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಒಂದು ನೋಡ್ (ಕ್ಲಸ್ಟರ್‌ನ ಮಷೀನ್) ಕೆಟ್ಟಾಗ. ರೆಸ್ಕ್ಯೂ ದಾರಿಯಲ್ಲಿ ಎಲ್ಲ ಮತ್ತೆ ಕೈಯಿಂದ. ಐಪಿಎಕ್ಸ್‌ಇಯಲ್ಲಿ ರೀಬೂಟ್ ಒತ್ತಿ ಕೂತೆ. ಆದರೆ ಬೂಟ್ ಸೆಟ್ಟಿಂಗ್ ಒಂದೇ ಸಲಕ್ಕಾ, ಪ್ರತಿ ರೀಬೂಟ್‌ಗೂ ಇರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಪ್ರತಿ ಸಲಕ್ಕೂ ಇದ್ದರೆ, ಆಗಲೇ ಸೇರಿದ ಮಷೀನ್‌ಗೆ ಡಿಸ್ಕ್‌ನಿಂದಲೇ ಏಳು ಅಂತ ಹೇಳುವ ಸಾಲು ಸ್ಕ್ರಿಪ್ಟ್‌ನಲ್ಲಿ ಇರಬೇಕು.

ಈಗ ಆರಕ್ಕೆ ಆರೂ ಐಪಿಎಕ್ಸ್‌ಇಯಲ್ಲೇ ಏಳುತ್ತವೆ. ಆದರೂ ಹೊಸ ಸರ್ವರ್ ಕೈಗೆ ಬಂದ ದಿನ ಸುಮ್ನೆ ಒಂದು ಸಲ ರೆಸ್ಕ್ಯೂಗೆ ಹೋಗಿ ಡಿಸ್ಕ್ ಒರೆಸಿಯೇ ಬರುತ್ತೇನೆ.