ತುಕ್ಕು ಹಿಡಿದ ಕೇಪಿನ ಕೋವಿಗೆ ವಿನಿಗರ್, ಕರೆಂಟ್, ಕುದಿನೀರು: ಯಾವುದು ಒಳ್ಳೆಯದು?

ತುಕ್ಕಿಗೆ ಕೈ ಹಾಕುವ ಮೊದಲು ಕೋವಿಯಲ್ಲಿ ಈಡು, ಅಂದರೆ ತುಂಬಿಟ್ಟ ಮದ್ದು-ಗುಂಡು, ಇದೆಯೋ ಇಲ್ಲವೋ ನೋಡಿ. ಬಾಯಿಂದ ಮದ್ದು ತುಂಬುವ ಹಳೇ ರೈಫಲ್‌ಗಳನ್ನು ಈಡು ಸಮೇತ ಮೂಲೆಗಿಟ್ಟು ಮರೆತಿರುವುದು ಅಪರೂಪವೇನಲ್ಲ. ಕಪ್ಪು ಮದ್ದು ಒಣಗೇ ಇದ್ದರೆ ಎಷ್ಟೋ ದಶಕ ಕಳೆದರೂ ಉರಿಯುತ್ತದೆ. ನಳಿಗೆಯ ಬಾಯಿಗೆ ಮುಖ ಒಡ್ಡದೆ ಒಂದು ಮರದ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಹತ್ತಿರ ಗುರುತು ಹಾಕಿ, ಆಮೇಲೆ ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಹಿಡಿದು ಅಳೆಯಿರಿ. ಕಡ್ಡಿ ಕೇಪು (ಬಡಿದರೆ ಕಿಡಿ ಹಾರುವ ಸಣ್ಣ ಲೋಹದ ಟೋಪಿ) ಕೂರಿಸುವ ನಿಪ್ಪಲ್ ಹತ್ತಿರದವರೆಗೂ ಬಂದರೆ ಖಾಲಿ. ಒಂದೆರಡು ಇಂಚು ಮೊದಲೇ ನಿಂತರೆ ಒಳಗಿರುವುದು ಈಡೇ ಅಂದುಕೊಳ್ಳಿ. ಬಿಸಿ ಮಾಡಬೇಡಿ, ಡ್ರಿಲ್ ಹಾಕಬೇಡಿ, ಹೊಡೆದು ಖಾಲಿ ಮಾಡುವ ಯೋಚನೆಯಂತೂ ಬೇಡವೇ ಬೇಡ. ಕೋವಿ ರಿಪೇರಿ ಬಲ್ಲವರನ್ನು ಕರೆಸಿ.

ಖಾಲಿ ಅಂತ ಖಚಿತವಾದ ಮೇಲೆ ನಳಿಗೆಯನ್ನು ಕೋವಿಯ ಮರದ ಹಿಡಿಯಿಂದ ಬಿಡಿಸಿ. ಹಳೇ ನಳಿಗೆ, ಬಿಡಿಭಾಗಗಳ ಮೇಲೆ ನಾನು ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ.

ವಿನಿಗರ್ ಅಗ್ಗ, ಸುಲಭ, ಎಲ್ಲರೂ ಮೊದಲು ಹೇಳುವುದು ಅದನ್ನೇ. ತುಕ್ಕು ಹೋಗುತ್ತದೆ ನಿಜ, ಆದರೆ ಅದು ಆಮ್ಲ ಅಲ್ವಾ, ತುಕ್ಕು ಮುಗಿದ ಮೇಲೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಮೇಲ್ಮೈ ಮಂಕು ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೆತ್ತಿದ ಅಕ್ಷರಗಳ ಅಂಚು ಸವೆಯುತ್ತದೆ. ಸ್ಪ್ರಿಂಗ್‌ಗಳನ್ನಂತೂ ಅದರಲ್ಲಿ ಹಾಕಲೇಬೇಡಿ, ಆಮ್ಲದಲ್ಲಿ ನೆನೆದ ಗಡಸು ಉಕ್ಕು ಪೆಡಸಾಗಿ ಮುರಿಯಬಹುದು. ಕೋವಿಗೆ ಇದು ಬೇಡ ಅನ್ನುವುದೇ ನನ್ನ ಮಾತು.

ಇವಾಪೊ-ರಸ್ಟ್ ತರಹದ, ತುಕ್ಕು ತೆಗೆಯಲೆಂದೇ ಸಿಗುವ ದ್ರಾವಣ ಎಷ್ಟೋ ವಾಸಿ. ಕಬ್ಬಿಣವನ್ನು ಬಿಟ್ಟು ತುಕ್ಕನ್ನಷ್ಟೇ ಹಿಡಿಯುತ್ತದೆ. ಸ್ಕ್ರೂ, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ), ಲಾಕಿನ (ಅದನ್ನು ಬಡಿಸುವ ಯಂತ್ರದ) ಸಣ್ಣ ತುಂಡುಗಳಿಗೆ ನಾನು ಇದನ್ನೇ ಬಳಸುತ್ತೇನೆ. ನಳಿಗೆಯ ಹೊರಮೈಗೆ ಮಾತ್ರ ಹಾಕುವುದಿಲ್ಲ, ಯಾಕೆಂದರೆ ಹಳೇ ಕಂದು ಅಥವಾ ನೀಲಿಗಪ್ಪು ಬಣ್ಣವೂ ಒಂದು ಬಗೆಯ ತುಕ್ಕೇ, ಅದೂ ಜೊತೆಗೆ ಹೋಗಿಬಿಡುತ್ತದೆ.

ಹೊರಮೈಗೆ ಕುದಿನೀರಿನಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ಜಿಡ್ಡು ಪೂರ್ತಿ ತೆಗೆದು, ಉದ್ದನೆಯ ತಗಡಿನ ತೊಟ್ಟಿಯಲ್ಲಿ ನಳಿಗೆ ಮುಳುಗುವಷ್ಟು ಡಿಸ್ಟಿಲ್ಡ್ ನೀರು ಹಾಕಿ ಅರ್ಧ ಗಂಟೆ ಕುದಿಸಿದರೆ, ಕೆಂಪು ತುಕ್ಕು ಅಲ್ಲೇ ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಮೇಲೆ ಮಸಿಯಂತೆ ಕೂತದ್ದನ್ನು ಜಿಡ್ಡಿಲ್ಲದ 0000 ನಂಬರಿನ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಬೇಕು. ಮತ್ತೆ ಕೆಂಪು ಕಂಡರೆ ಮತ್ತೆ ಕುದಿಸಿ. ಬಿಸಿ ಇರುವಾಗಲೇ ಒರೆಸಿ ಎಣ್ಣೆ ಹಚ್ಚಿ. ಕೆಲಸ ನಿಧಾನ, ಆದರೆ ಹಳೇ ಕಾಲದ ಮೈಬಣ್ಣ ಉಳಿಯುತ್ತದೆ. ವೈರ್ ವೀಲ್ ಹಿಡಿದು ಫಳಫಳ ಹೊಳೆಸಿದ ಹಳೇ ಕೋವಿಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಳಿಗೆಯ ಒಳಗೆ ದಪ್ಪ ತುಕ್ಕು ಕಚ್ಚಿಕೊಂಡಿದ್ದರೆ ಕರೆಂಟೇ ಸರಿ, ಅಂದರೆ ಎಲೆಕ್ಟ್ರಾಲಿಸಿಸ್. ನೀರಿಗೆ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್, ನಳಿಗೆಗೆ ಮೈನಸ್, ಒಳಗಿಳಿಸುವ ಕಬ್ಬಿಣದ ಸರಳಿಗೆ ಪ್ಲಸ್. ಸರಳು ನಳಿಗೆಗೆ ತಾಗದಂತೆ ರಬ್ಬರ್ ಬಳೆ ಹಾಕಿ. ಸ್ಟೇನ್‌ಲೆಸ್ ಸರಳು ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಹೈಡ್ರೋಜನ್ ಹೊರಡುವುದರಿಂದ ಗಾಳಿಯಾಡುವ ಜಾಗ ಬೇಕು, ಹತ್ತಿರ ಬೆಂಕಿ ಕೂಡದು. ಕುದಿನೀರಿಗೆ ಜಗ್ಗದ ಗಟ್ಟಿ ತುಕ್ಕನ್ನು ಇದು ಸಡಿಲಿಸುತ್ತದೆ, ರೈಫ್ಲಿಂಗ್ ಗೆರೆಗಳು (ಗುಂಡನ್ನು ತಿರುಗಿಸಲು ಒಳಗೆ ಕೊರೆದ ಸುರುಳಿ ಗೆರೆಗಳು) ಮತ್ತೆ ಕಾಣುತ್ತವೆ. ತಿಂದುಹೋದ ಲೋಹವಂತೂ ಯಾವ ವಿಧಾನದಿಂದಲೂ ವಾಪಸ್ ಬರುವುದಿಲ್ಲ.

ಹಾಗಾಗಿ ಎಲ್ಲ ಮುಗಿದ ಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಮದ್ದು ಕೂರುವ ತಳದ ಹತ್ತಿರ ಆಳದ ಗುಳಿಗಳಿದ್ದರೆ ಅದು ಗೋಡೆಗೇ ಸರಿ. ಚೆನ್ನಾಗಿ ಕಂಡರೂ ಬಲ್ಲವರು ಪರೀಕ್ಷಿಸುವ ತನಕ ಹೊಡೆಯಬೇಡಿ, ತಳದ ಬಿರಡೆಯನ್ನು ಮನೆಯಲ್ಲಿ ತಿರುಗಿಸಲು ಹೋಗಬೇಡಿ. ಈಗಿನ ಹೊಗೆರಹಿತ ಮದ್ದನ್ನು ಈ ಕೋವಿಗಳಿಗೆ ಯಾವತ್ತೂ ಹಾಕಕೂಡದು, ನಳಿಗೆ ಸಿಡಿಯುತ್ತದೆ.