ಲುಕ್ಲಾ ಏರ್‌ಪೋರ್ಟ್ ರಿವ್ಯೂ: ಗೋಡೆಗೆ ಹೆದರಬೇಡಿ, ಮೋಡ ನೋಡಿ

ಎವರೆಸ್ಟ್ ಬೇಸ್ ಕ್ಯಾಂಪಿಗೆ ನಡೆದು ಹೋಗುವವರು ಇಳಿಯುವ ನೇಪಾಳದ ಲುಕ್ಲಾ ಏರ್‌ಪೋರ್ಟ್‌ಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಒಂದು ಸ್ಟಾರ್ ಕಿತ್ತುಕೊಂಡಿದ್ದು ರನ್‌ವೇ ಪಕ್ಕದ ಗದ್ದಲಕ್ಕೆ ಮತ್ತು ಟಿಕೆಟ್ ಕೌಂಟರಿನ ಅವಸ್ಥೆಗೆ. ರನ್‌ವೇ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಟಿವಿಯವರು, ಯೂಟ್ಯೂಬಿನವರು ಎಲ್ಲ ಸೇರಿ ಇದನ್ನು ಜಗತ್ತಿನ ಅತಿ ಅಪಾಯದ ವಿಮಾನ ನಿಲ್ದಾಣ ಅಂತ ಮಾಡಿಬಿಟ್ಟಿದ್ದಾರೆ. ಅಪಾಯ ಇದೆ, ಸುಳ್ಳಲ್ಲ. ಆದರೆ ಎಲ್ಲರೂ ಬೆರಳು ತೋರಿಸುವ ಜಾಗ ಒಂದು, ನಿಜವಾಗಿ ಅನಾಹುತ ಆದ ಜಾಗ ಇನ್ನೊಂದು. ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗೋಣ ಅಂತ ಪ್ಲಾನ್ ಮಾಡಿ, ಲುಕ್ಲಾ ವಿಡಿಯೋ ನೋಡಿ ಮನೆಯವರು ಬೇಡ ಅಂದಿದ್ದಕ್ಕೆ ಸುಮ್ಮನಾದವರು ನಮ್ಮಲ್ಲಿ ಜಾಸ್ತಿ ಇದ್ದಾರೆ. ಅವರಿಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಅಳತೆ. ರನ್‌ವೇ ಉದ್ದ 527 ಮೀಟರ್. ನಮ್ಮ ಕೆಂಪೇಗೌಡ ಏರ್‌ಪೋರ್ಟಿನ ರನ್‌ವೇ 4000 ಮೀಟರ್, ಅಂದರೆ ಅದರೊಳಗೆ ಇಂಥವು ಏಳು ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಎತ್ತರ ಸಮುದ್ರಮಟ್ಟದಿಂದ 2845 ಮೀಟರ್, ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 900 ಮೀಟರ್ ಮೇಲೆ. ಇಷ್ಟೇ ಆಗಿದ್ದರೆ ಸಣ್ಣ ರನ್‌ವೇ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇದು ಓರೆಯಾಗಿದೆ. ಶೇಕಡ 11.7ರಷ್ಟು ಇಳಿಜಾರು. ಮನೆ ಗೇಟಿನ ಮುಂದೆ ಕಾರು ಹತ್ತಿಸಲು ಸಿಮೆಂಟಿನ ಇಳಿಜಾರು ಹಾಕಿಸುತ್ತೀವಲ್ಲ, ಅದನ್ನೇ ಅರ್ಧ ಕಿಲೋಮೀಟರ್ ಎಳೆದ ಹಾಗೆ. ಕೆಳತುದಿಗೂ ಮೇಲ್ತುದಿಗೂ ಸುಮಾರು 60 ಮೀಟರ್ ವ್ಯತ್ಯಾಸ ಇದೆ. ಕೆಳಗಿನಿಂದ ನೋಡಿದರೆ ರಸ್ತೆ ಎದ್ದು ನಿಂತ ಹಾಗೆ ಕಾಣುತ್ತದೆ.

ಈ ಇಳಿಜಾರನ್ನೇ ಎಲ್ಲರೂ ಬೈಯುತ್ತಾರೆ. ನನಗೆ ಇದೇ ಇಲ್ಲಿಯ ಅತ್ಯುತ್ತಮ ಸೌಲಭ್ಯ ಅನ್ನಿಸುತ್ತದೆ. ವಿಮಾನ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಇಳಿಯುತ್ತದೆ, ಮೇಲಿನಿಂದ ಕೆಳಕ್ಕೆ ಹಾರುತ್ತದೆ. ಗಾಳಿ ಯಾವ ಕಡೆ ಬೀಸಿದರೂ ಈ ನಿಯಮ ಬದಲಾಗುವುದಿಲ್ಲ. ಇಳಿಯುವಾಗ ಏರು ದಾರಿ ಇರುವುದರಿಂದ ಬ್ರೇಕ್ ಮುಟ್ಟದಿದ್ದರೂ ಪ್ರತಿ ಸೆಕೆಂಡಿಗೆ ಗಂಟೆಗೆ 4 ಕಿಲೋಮೀಟರಿನಷ್ಟು ವೇಗ ತಾನಾಗಿ ಇಳಿಯುತ್ತದೆ. ಅದರ ಮೇಲೆ ಬ್ರೇಕು, ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವುದು ಬೇರೆ. ಹೊರಡುವಾಗ ಇದೇ ಇಳಿಜಾರು ವೇಗ ಕೊಡುತ್ತದೆ. ಸಮತಟ್ಟಾದ 527 ಮೀಟರ್ ಇದ್ದಿದ್ದರೆ ಈ ಎತ್ತರದಲ್ಲಿ ಪರಿಸ್ಥಿತಿ ಇನ್ನೂ ಕಷ್ಟವಾಗುತ್ತಿತ್ತು.

ಯಾಕೆಂದರೆ ಇಲ್ಲಿನ ಗಾಳಿ ತೆಳು. ಸಮುದ್ರಮಟ್ಟದ ಸಾಂದ್ರತೆಯ ಮುಕ್ಕಾಲು ಭಾಗ ಅಷ್ಟೇ. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಮೀಟರಿನಲ್ಲಿ ಕಾಣುವ ವೇಗಕ್ಕಿಂತ ವಿಮಾನ ನಿಜವಾಗಿ ಶೇಕಡ 15ರಷ್ಟು ಜಾಸ್ತಿ ವೇಗದಲ್ಲಿ ನೆಲ ಮುಟ್ಟುತ್ತದೆ. ಹಾಗಾಗಿಯೇ ಇಲ್ಲಿಗೆ ಟ್ವಿನ್ ಆಟರ್, ಡೋರ್ನಿಯರ್ 228ರಂಥ, ಗಿಡ್ಡ ರನ್‌ವೇಗೆಂದೇ ಮಾಡಿದ ಹತ್ತೊಂಬತ್ತು ಸೀಟಿನ ವಿಮಾನಗಳು ಮಾತ್ರ ಬರುತ್ತವೆ. ಲಗೇಜು 15 ಕೆಜಿ ಮೀರಬಾರದು ಅಂತ ಕೌಂಟರಿನಲ್ಲಿ ಹಟ ಹಿಡಿಯುವುದಕ್ಕೂ ಇದೇ ಕಾರಣ, ಅದಕ್ಕೆ ಜಗಳ ಆಡಬೇಡಿ.

ಇಷ್ಟಕ್ಕೂ ಇಂಥ ಜಾಗದಲ್ಲಿ ಯಾಕೆ ಕಟ್ಟಿದರು? 1964ರಲ್ಲಿ ಎಡ್ಮಂಡ್ ಹಿಲರಿ ಶೆರ್ಪಾ ಊರುಗಳಿಗೆ ಶಾಲೆ, ಆಸ್ಪತ್ರೆ ಕಟ್ಟುತ್ತಿದ್ದರು. ಸಾಮಾನು ಸಾಗಿಸಲು ಹತ್ತಿರದಲ್ಲಿ ವಿಮಾನ ಇಳಿಯುವ ಒಂದು ಪಟ್ಟಿ ಬೇಕಿತ್ತು. ಅವರು ಮೊದಲು ನೋಡಿದ್ದು ಸಮತಟ್ಟಾದ ಹೊಲ. ರೈತರು ಕೊಡಲಿಲ್ಲ. ಬಿಡಿ, ಆ ಬೆಟ್ಟದಲ್ಲಿ ಸಮತಟ್ಟಾದ ಹೊಲ ಯಾರು ಬಿಟ್ಟುಕೊಡುತ್ತಾರೆ? ಕೊನೆಗೆ ಈ ಓರೆ ಜಾಗ ಸಿಕ್ಕಿತು. ಮಣ್ಣು ಗಟ್ಟಿಯಾಗಲಿ ಅಂತ ಊರವರಿಗೆ ಕುಡಿಯಲು ಕೊಟ್ಟು, ಸಾಲಾಗಿ ಕೈಹಿಡಿದು ಕುಣಿಸಿ, ಕಾಲಲ್ಲಿ ತುಳಿಸಿದರು ಅನ್ನೋ ಕಥೆ ಇದೆ. ರೋಡ್ ರೋಲರ್ ಬರುವ ದಾರಿ ಇರಲಿಲ್ಲವಲ್ಲ. 2001ರವರೆಗೂ ಇದು ಮಣ್ಣಿನ ಪಟ್ಟಿಯೇ, ಆಮೇಲೆ ಡಾಂಬರು ಬಂತು. ಹಿಲರಿ ತೀರಿಕೊಂಡ 2008ರಲ್ಲಿ ತೇನ್ಸಿಂಗ್–ಹಿಲರಿ ವಿಮಾನ ನಿಲ್ದಾಣ ಅಂತ ಹೆಸರಿಟ್ಟರು. ಊರಲ್ಲಿ ಎಲ್ಲರೂ ಲುಕ್ಲಾ ಅಂತಲೇ ಅನ್ನುತ್ತಾರೆ.

ಈಗ ಅಡ್ಡಿಗಳ ವಿಷಯ. ಮೇಲ್ತುದಿಯಲ್ಲಿ ಕಲ್ಲಿನ ಗೋಡೆ, ಅದರ ಹಿಂದೆ ಊರು, ಊರಿನ ಹಿಂದೆ ಬೆಟ್ಟ. ಕೆಳತುದಿಯಲ್ಲಿ ನೆಲ ಕಡಿದ ಹಾಗೆ ಮುಗಿದು, ಕೆಳಗೆ ದೂಧ್‌ಕೋಸಿ ನದಿಯ ಕಣಿವೆ. ಸಾಮಾನ್ಯ ಏರ್‌ಪೋರ್ಟಿನಲ್ಲಿ ಇಳಿಯುವುದು ಸರಿಹೋಗದಿದ್ದರೆ ಪೈಲಟ್ ಮತ್ತೆ ಮೇಲೆದ್ದು ಒಂದು ಸುತ್ತು ಹಾಕಿ ಬರುತ್ತಾರೆ. ಇಲ್ಲಿ ಹತ್ತಿರ ಬಂದ ಮೇಲೆ ಅದು ಆಗುವುದಿಲ್ಲ, ಎದುರಿಗೆ ಬೆಟ್ಟ ಇದೆ. ಒಂದು ಹಂತ ದಾಟಿದರೆ ಇಳಿಯಲೇಬೇಕು. ಎಲ್ಲ ವಿಡಿಯೋಗಳೂ ಆ ಗೋಡೆಯನ್ನೇ ತೋರಿಸುತ್ತವೆ. ನೋಡಲು ಭಯಂಕರವಾಗಿದೆ, ಒಪ್ಪಿಕೊಳ್ಳೋಣ.

ಆದರೆ ದೊಡ್ಡ ಅಪಘಾತಗಳನ್ನು ತೆಗೆದು ನೋಡಿ. 2008ರ ಅಕ್ಟೋಬರ್‌ನಲ್ಲಿ ಟ್ವಿನ್ ಆಟರ್ ಒಂದು ಇಳಿಯುವ ಕೊನೆ ಗಳಿಗೆಯಲ್ಲಿ ಮೋಡಕ್ಕೆ ಸಿಕ್ಕಿತು. ರನ್‌ವೇ ಶುರುವಾಗುವ ಮೊದಲೇ ಬೆಟ್ಟಕ್ಕೆ ಬಡಿಯಿತು. 19 ಜನರಲ್ಲಿ 18 ಜನ ಹೋದರು, ಉಳಿದವರು ಕ್ಯಾಪ್ಟನ್ ಒಬ್ಬರೇ. 2017ರ ಮೇನಲ್ಲಿ ಸರಕು ತಂದ ವಿಮಾನ ಮತ್ತೆ ಅದೇ ಕೆಳಗಿನ ಅಂಚಿನ ಹತ್ತಿರ, ರನ್‌ವೇ ಮುಟ್ಟುವ ಮೊದಲೇ ಬಿತ್ತು. ಇಬ್ಬರು ಪೈಲಟ್‌ಗಳು ತೀರಿಕೊಂಡರು. ಎರಡರಲ್ಲೂ ಮೇಲಿನ ಗೋಡೆಯ ಪಾತ್ರ ಏನೂ ಇಲ್ಲ. ರನ್‌ವೇ ಶುರುವಾಗುವ ಅಂಚು ಇದೆಯಲ್ಲ, ಅದೇ ಇಲ್ಲಿಯ ನಿಜವಾದ ಗೋಡೆ.

ಇದಕ್ಕೆ ಇಳಿಜಾರಿನದೇ ಒಂದು ಮೋಸ ಕಾರಣ ಆಗಬಹುದು. ಬೇರೆ ಕಡೆ ಸಮತಟ್ಟಾದ ರನ್‌ವೇ ನೋಡಿ ಅಭ್ಯಾಸವಾದ ಕಣ್ಣಿಗೆ ಏರು ರನ್‌ವೇ ಕಂಡರೆ ತಾನು ತುಂಬಾ ಎತ್ತರದಲ್ಲಿದ್ದೇನೆ ಅನ್ನಿಸುತ್ತದೆ. ಸ್ವಲ್ಪ ಇಳಿಸೋಣ ಅಂತ ಕೈ ತಾನಾಗಿ ಮುಂದೆ ಹೋಗುತ್ತದೆ. ಇಳಿಸಿದರೆ ಅಂಚಿಗಿಂತ ಕೆಳಗೆ ಹೋಗಿಬಿಡುವ ಅಪಾಯ. ಮೋಡ ಇಲ್ಲದಿದ್ದರೆ ತಿದ್ದಿಕೊಳ್ಳಬಹುದು. ಮೋಡ ಅಡ್ಡ ಬಂದರೆ ಕಷ್ಟ, ಏಕೆಂದರೆ ಮೋಡದೊಳಗೆ ದಾರಿ ತೋರಿಸಿ ಇಳಿಸುವ ಉಪಕರಣ ಇಲ್ಲಿಲ್ಲ. ಪೈಲಟ್ ಕಣ್ಣಾರೆ ರನ್‌ವೇ ನೋಡಿಯೇ ಇಳಿಸಬೇಕು. ಅದಕ್ಕೇ ಇಲ್ಲಿಗೆ ಬರುವ ಕ್ಯಾಪ್ಟನ್‌ಗಳಿಗೆ ಬೇರೆ ನಿಯಮ ಇದೆ: ಇಂಥ ಗಿಡ್ಡ ರನ್‌ವೇಗಳಲ್ಲಿ 100 ಹಾರಾಟ, ನೇಪಾಳದಲ್ಲೇ ಒಂದು ವರ್ಷದ ಅನುಭವ, ಜೊತೆಗೆ ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲುಕ್ಲಾಗೇ 10 ಸಲ ಇಳಿದಿರಬೇಕು.

ಮಂಗಳೂರಿನವರು ಬಜಪೆಗೆ ಹೋಲಿಸುತ್ತಾರೆ, ಎರಡೂ ಟೇಬಲ್‌ಟಾಪ್ (ಗುಡ್ಡದ ಮೇಲಿನ ರನ್‌ವೇ) ಅಲ್ವಾ ಅಂತ. ಪ್ರಪಾತ ಎರಡೂ ಏರ್‌ಪೋರ್ಟಿನಲ್ಲಿ ಇದೆ, ಆದರೆ ಅನಾಹುತದ ರೀತಿ ಪೂರಾ ಉಲ್ಟಾ. 2010ರ ಮೇ 22ರಂದು ಬಜಪೆಯಲ್ಲಿ ವಿಮಾನ ರನ್‌ವೇಯ ತುಂಬಾ ಮುಂದೆ ಹೋಗಿ ನೆಲ ಮುಟ್ಟಿತು, ನಿಲ್ಲಿಸಲು ಜಾಗ ಸಾಲದೆ ಆ ತುದಿಯಿಂದ ಕೆಳಗೆ ಬಿತ್ತು, 158 ಜನ ಸತ್ತರು. ಅಲ್ಲಿ ರನ್‌ವೇ ಉದ್ದ 2450 ಮೀಟರ್. ಲುಕ್ಲಾದಲ್ಲಿ ಮುಂದಕ್ಕೆ ಓಡಿಹೋಗುವ ಭಯವನ್ನು ಏರು ದಾರಿ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಇಲ್ಲಿ ಭಯ ಇರುವುದು ಈಚೆ ತುದಿಯಲ್ಲಿ.

ಮೂರನೆಯ ಅಪಾಯ ಯಾರ ವಿಡಿಯೋದಲ್ಲೂ ಬರುವುದಿಲ್ಲ. ಅದು ಪಕ್ಕದ್ದು. ಬೆಟ್ಟದ ಮೇಲೆ ಸಿಕ್ಕಷ್ಟೇ ಜಾಗ. ಅದರಲ್ಲೇ ವಿಮಾನ ನಿಲ್ಲಿಸುವ ಕಟ್ಟೆ, ಹೆಲಿಪ್ಯಾಡು, ಟರ್ಮಿನಲ್ಲು, ಬೇಲಿಗೆ ಅಂಟಿಕೊಂಡ ಲಾಡ್ಜುಗಳು. 2019ರ ಏಪ್ರಿಲ್ 14ರಂದು ಹೊರಡಲು ಓಡುತ್ತಿದ್ದ ವಿಮಾನ ಬಲಕ್ಕೆ ಎಳೆದು, ನಿಂತಿದ್ದ ಹೆಲಿಕಾಪ್ಟರ್‌ಗಳಿಗೆ ಗುದ್ದಿತು. ಮೂವರು ಸತ್ತರು. ಮೋಡಕ್ಕೆ ಯಾರೂ ಏನೂ ಮಾಡಲಾಗದು. ಆದರೆ ರನ್‌ವೇಗೆ ಇಷ್ಟು ಹತ್ತಿರ ಹೆಲಿಕಾಪ್ಟರ್ ನಿಲ್ಲಿಸುವುದು ಮನುಷ್ಯರ ತೀರ್ಮಾನ. ಸೀಸನ್ನಿನಲ್ಲಿ ಅಲ್ಲಿನ ಓಡಾಟ ನೋಡಿದರೆ ಎದೆ ಢವಢವ ಅನ್ನುತ್ತದೆ. ನಾನು ಸ್ಟಾರ್ ಕಡಿತ ಮಾಡಿದ್ದು ಮುಖ್ಯವಾಗಿ ಇದಕ್ಕೆ. ಜೊತೆಗೆ ಇದೂ ಗೊತ್ತಿರಲಿ, ನೇಪಾಳದ ಎಲ್ಲ ವಿಮಾನ ಕಂಪನಿಗಳನ್ನೂ ಐರೋಪ್ಯ ಒಕ್ಕೂಟ 2013ರಲ್ಲೇ ತನ್ನ ನಿಷೇಧ ಪಟ್ಟಿಗೆ ಸೇರಿಸಿತ್ತು. ಮನೆಯವರಿಗೆ ಹೇಳಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ಇನ್ನು ಪ್ರಯಾಣ. ಮಾರ್ಚ್‌ನಿಂದ ಮೇ, ಆಮೇಲೆ ಅಕ್ಟೋಬರ್, ನವೆಂಬರ್ ಸೀಸನ್ನು. ಆಗ ಕಾಠ್ಮಂಡು ಏರ್‌ಪೋರ್ಟ್ ತುಂಬಿ ತುಳುಕುವುದರಿಂದ ಲುಕ್ಲಾ ವಿಮಾನಗಳನ್ನು ಹೆಚ್ಚಾಗಿ ರಾಮೇಛಾಪ್‌ನ ಮಂಥಲಿಯಿಂದ ಬಿಡುತ್ತಾರೆ. ಟಿಕೆಟ್‌ನಲ್ಲಿ ಕಾಠ್ಮಂಡು ಅಂತ ಓದಿ ಖುಷಿಪಡಬೇಡಿ, ಏಜೆಂಟ್ ಹತ್ತಿರ ಎರಡು ಸಲ ಕೇಳಿ. ಮಂಥಲಿ ಅಂದರೆ ನಡುರಾತ್ರಿ ಕಾಠ್ಮಂಡುವಿನಿಂದ ಹೊರಟು ನಾಲ್ಕೈದು ಗಂಟೆ ವ್ಯಾನಿನಲ್ಲಿ ಕುಲುಕಿಸಿಕೊಂಡು ಹೋಗಬೇಕು. ತಿರುವುಗಳೋ ದೇವರಿಗೇ ಪ್ರೀತಿ. ವಾಂತಿ ಆಗುವವರು ಮಾತ್ರೆ ತಗೊಳ್ಳಿ. ಅಲ್ಲಿಂದ ಹಾರಾಟ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಕಾಠ್ಮಂಡುವಿನಿಂದಾದರೆ ಅರ್ಧ ಗಂಟೆ ಚಿಲ್ಲರೆ.

ಎಲ್ಲ ಹಾರಾಟವೂ ಬೆಳಗ್ಗೆಯೇ. ಮಧ್ಯಾಹ್ನದ ಹೊತ್ತಿಗೆ ಕಣಿವೆಯ ಗಾಳಿ ಜೋರಾಗುತ್ತದೆ, ಮೋಡ ಮೇಲೇರುತ್ತದೆ, ಅಂಗಡಿ ಬಂದ್. ಮೊದಲ ಸರದಿಯ ವಿಮಾನ ಸಿಗುವ ಹಾಗೆ ಬುಕ್ ಮಾಡಿ. ತಡವಾದರೆ ಕೊನೆಯ ಸರದಿಯವರು ಮೊದಲು ಒದ್ದಾಡುವುದು. ನನಗೆ ಹಾಗೇ ಆಯಿತು. ಕೌಂಟರಿನಲ್ಲಿ ಕೂತವರು ಈಗ ಹೊರಡುತ್ತೆ, ಈಗ ಹೊರಡುತ್ತೆ ಅಂತ ಮಧ್ಯಾಹ್ನದವರೆಗೂ ಕೂರಿಸಿದರು. ಆಮೇಲೆ ಒಂದು ಮಾತೂ ಹೇಳದೆ ಕೌಂಟರ್ ಮುಚ್ಚಿ ಹೋದರು. ಹವಾಮಾನ ಅವರ ಕೈಯಲ್ಲಿಲ್ಲ ಅಂತ ಗೊತ್ತು. ಆದರೆ ಬೋರ್ಡಿನ ಮೇಲೆ ಒಂದು ಸಾಲು ಬರೆಯುವುದು ಅವರ ಕೈಯಲ್ಲೇ ಇತ್ತಲ್ಲ.

ವಿಮಾನದೊಳಗಿನ ಸೇವೆ ಅಂದರೆ ಒಂದು ಮಿಠಾಯಿ, ಕಿವಿಗೆ ಹತ್ತಿ. ಸಾಕು. ಸದ್ದು ವಿಪರೀತ, ಮಾತಾಡಲು ಆಗದು. ಹೋಗುವಾಗ ಎಡಗಡೆ ಸೀಟು ಹಿಡಿಯಿರಿ, ಹಿಮಾಲಯದ ಸಾಲು ಆ ಕಡೆ. ಧೈರ್ಯ ಇದ್ದರೆ ಮುಂದೆ ಕೂರಿ. ಪೈಲಟ್‌ಗಳ ಭುಜದ ಮೇಲಿಂದ ಮುಂದಿನ ಗಾಜಿನಲ್ಲಿ ರನ್‌ವೇ ಕಾಣುತ್ತದೆ, ಮೊದಲು ಅದು ರನ್‌ವೇ ಅಂತಲೇ ತಿಳಿಯುವುದಿಲ್ಲ, ಬೆಟ್ಟಕ್ಕೆ ಯಾರೋ ಬೂದು ಬಣ್ಣದ ಪಟ್ಟಿ ಅಂಟಿಸಿದ್ದಾರೆ ಅನ್ನಿಸುತ್ತದೆ, ಅದು ನೋಡ್ತಾ ನೋಡ್ತಾ ದೊಡ್ಡದಾಗುತ್ತದೆ, ಧಡ್ ಅಂತ ಚಕ್ರ ತಾಗುತ್ತದೆ, ವಿಮಾನ ಗುಡ್ಡ ಹತ್ತುತ್ತದೆ, ಮೇಲೆ ತಿರುಗಿ ನಿಲ್ಲುತ್ತದೆ. ಚಪ್ಪಾಳೆ ತಟ್ಟುವವರು ತಟ್ಟುತ್ತಾರೆ. ಲಗೇಜು ಇಳಿಸಿ, ಹೊಸ ಜನ ಹತ್ತಿಸಿ, ಕೆಲವೇ ನಿಮಿಷದಲ್ಲಿ ಅದೇ ವಿಮಾನ ವಾಪಸ್. ಒಂದು ಎಂಜಿನ್ ಆಫ್ ಮಾಡದೇ ಇರುವುದೂ ಉಂಟು.

ವಾಪಸ್ ಬರುವಾಗಿನ ಟೇಕಾಫ್ ನನಗೆ ಲ್ಯಾಂಡಿಂಗಿಗಿಂತ ಇಷ್ಟವಾಯಿತು. ಮೇಲೆ ಬ್ರೇಕ್ ಹಿಡಿದು ಎಂಜಿನ್ ಪೂರ್ತಿ ಏರಿಸುತ್ತಾರೆ. ವಿಮಾನ ಗಡಗಡ ನಡುಗುತ್ತದೆ. ಬ್ರೇಕ್ ಬಿಟ್ಟ ಕೂಡಲೇ ಮೂಗು ಕೆಳಗೆ ಮಾಡಿಕೊಂಡು ಓಡುತ್ತದೆ. ಮುಂದಿನ ಗಾಜಿನ ತುಂಬ ಆಚೆ ಬೆಟ್ಟ. ಅಂಚು ಬರುವಷ್ಟರಲ್ಲಿ ಚಕ್ರ ನೆಲ ಬಿಟ್ಟಿರುತ್ತದೆ, ಕೆಳಗೆ ಕಣಿವೆ ತೆರೆದುಕೊಳ್ಳುತ್ತದೆ.

ಟರ್ಮಿನಲ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಚಿಕ್ಕದು, ತಣ್ಣಗಿರುತ್ತದೆ, ನೂಕುನುಗ್ಗಲು. ಸಮಯ ಇದ್ದರೆ ಹೊರಗೆ ಬೇಲಿ ಪಕ್ಕದ ಲಾಡ್ಜಿನಲ್ಲಿ ಕೂತು ಚಹಾ ಕುಡಿಯಿರಿ. ವಿಮಾನ ಬರುವ ಮೊದಲು ಸೈರನ್ ಕೂಗುತ್ತದೆ. ಆಗ ಎದ್ದು ಬೇಲಿ ಹತ್ತಿರ ಹೋದರೆ ಸಾಕು, ಟಿಕೆಟ್ ಇಲ್ಲದ ಸರ್ಕಸ್ಸು.

ಕೊನೆಗೆ ದುಡ್ಡಿನ ವಿಷಯ. ಟ್ರೆಕ್ ಮುಗಿದ ಮೇಲೆ ಊರಿಗೆ ಹೋಗುವ ವಿಮಾನವನ್ನು ಮರುದಿನಕ್ಕೇ ಬುಕ್ ಮಾಡಬೇಡಿ. ಮಧ್ಯೆ ಎರಡು ಮೂರು ದಿನ ಖಾಲಿ ಇಟ್ಟುಕೊಳ್ಳಿ. 2011ರ ನವೆಂಬರ್‌ನಲ್ಲಿ ಮಂಜು ಕವಿದು ಸಾವಿರಾರು ಜನ ಇಲ್ಲಿ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಈಗ ಹಾಗೆ ಆದರೆ ಏಜೆಂಟುಗಳು ಹೆಲಿಕಾಪ್ಟರ್ ಸೀಟು ಹಿಡಿದುಕೊಂಡು ಸುತ್ತ ಬರುತ್ತಾರೆ. ಬೆಳಗ್ಗೆ ಒಂದು ರೇಟು, ಮಧ್ಯಾಹ್ನ ಇನ್ನೊಂದು. ಐದು ಜನ ಸೇರಿ ಕೇಳಿದರೆ ಸ್ವಲ್ಪ ಇಳಿಸುತ್ತಾರೆ. ಆದರೆ ನಿಂತಿರುವ ವಿಮಾನಗಳ ಪೈಲಟ್‌ಗಳು ಬೇಡ ಅಂದ ಮೋಡದಲ್ಲಿ ಹೆಲಿಕಾಪ್ಟರಿನವನು ಬರ್ತೀನಿ ಅಂದರೆ, ಅವತ್ತು ಎಷ್ಟು ಕಡಿಮೆಗೆ ಕೊಟ್ಟರೂ ಹತ್ತಬೇಡಿ.