ಅಲುಮ್ನಿ ಡಬ್ಲಿನೆನ್ಸೆಸ್: ಆರು ವರ್ಷ ಬಳಸಿದ ಮೇಲೆ

ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಈ ದಾಖಲೆಗ್ರಂಥವನ್ನು ಆರು ವರ್ಷಗಳಿಂದ ಬಳಸುತ್ತಿದ್ದೇನೆ. ಮುದ್ರಿತ ಪ್ರತಿಯನ್ನು ಕೊಳ್ಳುವಷ್ಟು ಹಣವಿಲ್ಲದ ಕಾರಣ ಉಚಿತವಾಗಿ ಸಿಗುವ ಸ್ಕ್ಯಾನ್ ಪ್ರತಿಯೇ ನನಗೆ ಗತಿ.

ರಾತ್ರಿ ಊಟವಾದ ಮೇಲೆ ಹತ್ತು ನಮೂದುಗಳನ್ನು ಓದುವುದು ನನ್ನ ರೂಢಿ. ಪಕ್ಕದಲ್ಲಿರುವ ನೋಟುಪುಸ್ತಕದ ಕೊನೆಯ ಪುಟದಲ್ಲಿ ಸಂಕ್ಷೇಪಗಳ ಅರ್ಥ ಬರೆದಿಟ್ಟುಕೊಂಡಿದ್ದೇನೆ. ‘ಪೆನ್.’ ಎಂದರೆ ಪೆನ್ಷನರ್, ಅಂದರೆ ನಿವೃತ್ತನಲ್ಲ, ಶುಲ್ಕ ಕೊಟ್ಟು ಓದುವವನು. ‘ಸಿಜ್.’ ಎಂದರೆ ಸೈಜರ್. ಅಂಗಳ ಗುಡಿಸಿ, ಕಾಲೇಜಿನ ಹಿರಿಯರ ಮೇಜಿಗೆ ಊಟ ಹೊತ್ತು, ಅಲ್ಲಿ ಉಳಿದದ್ದನ್ನು ಉಂಡು ಓದುತ್ತಿದ್ದ ಬಡ ಹುಡುಗ. ಈ ಪದ ಕಂಡಾಗಲೆಲ್ಲ ವಾರಾನ್ನ ಉಂಡು ಓದಿದ ನಮ್ಮ ಹಿರಿಯರ ನೆನಪಾಗುತ್ತದೆ. ಇದರ ಜೊತೆಗೆ ನಮೂದಿನಲ್ಲಿ ವಿದ್ಯಾರ್ಥಿಗೆ ಕಲಿಸಿದ ಗುರುವಿನ ಹೆಸರು, ವಿದ್ಯಾರ್ಥಿಯ ವಯಸ್ಸು, ತಂದೆಯ ಹೆಸರು ಮತ್ತು ಲ್ಯಾಟಿನ್ನಿನಲ್ಲಿ ತಂದೆಯ ಕಸುಬು ಇರುತ್ತವೆ: ಪಾದ್ರಿಯಾದರೆ ‘ಕ್ಲೆರಿಕಸ್’, ವ್ಯಾಪಾರಿಯಾದರೆ ‘ಮರ್ಕೇಟರ್’, ಬೇಸಾಯಗಾರನಾದರೆ ‘ಅಗ್ರಿಕೋಲ’. ಒಂದೂವರೆ ಸಾಲಿನಲ್ಲಿ ಇಡೀ ಮನೆತನ ಎದುರಿಗೆ ಬಂದು ನಿಲ್ಲುತ್ತದೆ. ತಾಯಿಯ ಹೆಸರು ಮಾತ್ರ ಇರುವುದಿಲ್ಲ.

ನನ್ನ ದೊಡ್ಡ ತಕರಾರು ಜೋಡಣೆಯ ಬಗ್ಗೆ. ಕಾಲೇಜಿನ ಮೂಲ ಪ್ರವೇಶ ಪುಸ್ತಕಗಳು ದಿನಾಂಕದ ಕ್ರಮದಲ್ಲಿದ್ದವು. 1924ರಲ್ಲಿ ಪ್ರಕಟವಾದ ಈ ಗ್ರಂಥಕ್ಕಾಗಿ ಸಂಪಾದಕರಾದ ಬರ್ಚೆಲ್ ಮತ್ತು ಸ್ಯಾಡ್ಲಿಯರ್ ಅವನ್ನು ಬಿಡಿಸಿ ಅಕಾರಾದಿಯಾಗಿ ಜೋಡಿಸಿದರು. ಒಬ್ಬನನ್ನೇ ಹುಡುಕಿ ಬಂದವರಿಗೆ ಇದರಿಂದ ಉಪಕಾರವಾಯಿತು; ಯಾರ ಜೊತೆ ಯಾರು ಓದಿದರೆಂದು ತಿಳಿಯಬಯಸುವ ನನ್ನಂಥವರಿಗೆ ಕೆಲಸ ಕೆಟ್ಟಿತು. 1740ರ ದಶಕದ ಮಧ್ಯದಲ್ಲಿ ಮುಂದೆ ರಾಜಕೀಯ ಚಿಂತಕರಾದ ಎಡ್ಮಂಡ್ ಬರ್ಕ್ ಮತ್ತು ಸೈಜರ್ ಆಗಿದ್ದ, ಮುಂದೆ ಸಾಹಿತಿಯಾದ ಆಲಿವರ್ ಗೋಲ್ಡ್‌ಸ್ಮಿತ್ ಒಂದೇ ಅಂಗಳದಲ್ಲಿ ಓಡಾಡಿದವರು. ಇಲ್ಲಿ ಇಬ್ಬರ ನಡುವೆ ನೂರಾರು ಪುಟಗಳಿವೆ. ಹಾಗಾಗಿ ವರ್ಷವಾರು ಪಟ್ಟಿಯನ್ನು ನಾನೇ ಕೈಯಲ್ಲಿ ಬರೆಯತೊಡಗಿದೆ. ಅಲ್ಲೂ ಎಡವಿದೆ. 1752ಕ್ಕೆ ಮುಂಚೆ ಅಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ರಂದು. ಗೋಲ್ಡ್‌ಸ್ಮಿತ್ ಪದವಿ ಪಡೆದ 1749ರ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1750. ಇದು ಹೊಳೆಯುವಷ್ಟರಲ್ಲಿ ನಲವತ್ತು ಪುಟ ತುಂಬಿದ್ದವು. ಅಷ್ಟನ್ನೂ ತಿದ್ದಿ ಬರೆಯಬೇಕಾಯಿತು.

1935ರ ಪರಿಷ್ಕೃತ ಆವೃತ್ತಿಯೂ 1860ಕ್ಕೇ ನಿಲ್ಲುತ್ತದೆ. ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1904ರಲ್ಲಿ. ಆದ್ದರಿಂದ ಇದರಲ್ಲಿ ಒಬ್ಬ ವಿದ್ಯಾರ್ಥಿನಿಯೂ ಇಲ್ಲ. ಕನ್ನಡವನ್ನೂ ಒಳಗೊಂಡ ಭಾರತೀಯ ಭಾಷಾ ಸಮೀಕ್ಷೆಯನ್ನು ನಡೆಸಿದ ಗ್ರಿಯರ್ಸನ್ ಇದೇ ಕಾಲೇಜಿನವರೆಂದು ಆಸೆಯಿಂದ ‘ಜಿ’ ಅಕ್ಷರಕ್ಕೆ ಹೋಗಿದ್ದೆ. ಅವರು ಸೇರಿದ್ದು 1860ರ ನಂತರವಾದ್ದರಿಂದ ಸಿಗಲಿಲ್ಲ. ಬೆಲ್‌ಫಾಸ್ಟ್, ಕಾರ್ಕ್, ಗಾಲ್ವೇಗಳಲ್ಲಿ 1849ರಲ್ಲಿ ತೆರೆದ ಕ್ವೀನ್ಸ್ ಕಾಲೇಜುಗಳಲ್ಲಿ ಓದಿದವರನ್ನು ಹುಡುಕುವವರಿಗೂ ಈ ಗ್ರಂಥದಿಂದ ಪ್ರಯೋಜನವಿಲ್ಲ.

ಇಷ್ಟೆಲ್ಲ ಗೊಣಗಿದರೂ ಓದುವುದನ್ನು ಬಿಟ್ಟಿಲ್ಲ. ಸದ್ಯ ‘ಎಂ’ ಅಕ್ಷರದಲ್ಲಿದ್ದೇನೆ. ‘ಮ್ಯಾಕ್’ ಎಂದು ಶುರುವಾಗುವ ಹೆಸರುಗಳು ಮುಗಿಯುವ ಲಕ್ಷಣವಿಲ್ಲ.